ಹಳೇ ಉಬುಂಟು: ಡೆಸ್ಕ್‌ಟಾಪ್ ಹಾಕೋದಾ, ಸರ್ವರ್ ಹಾಕೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಹಳೇ ಎಲ್‌ಟಿಎಸ್ (ವರ್ಷಗಟ್ಟಲೆ ಅಪ್‌ಡೇಟ್ ಸಿಗುತ್ತಿದ್ದ) ಆವೃತ್ತಿಗಳ ಬಗ್ಗೆ. ಮುಖ್ಯವಾಗಿ 8.04, 10.04, 12.04 ಮತ್ತು 14.04. ಇಷ್ಟು ಹಳೇದನ್ನು ಈಗ ಯಾರು ಹಾಕ್ತಾರೆ ಅನ್ನಬೇಡಿ. ಹೊಸ ಉಬುಂಟು ಏಳದ 32-ಬಿಟ್ ಮಷೀನು, ಪಿಎಚ್‌ಪಿ 5ರ ಕಾಲದಲ್ಲಿ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್, ಹಳೇ ಕರ್ನೆಲ್‌ಗೆ (ಹಾರ್ಡ್‌ವೇರ್ ನಡೆಸುವ ಉಬುಂಟುವಿನ ತಿರುಳು) ಮಾತ್ರ ಡ್ರೈವರ್ ಇರುವ ಲ್ಯಾಬ್ ಉಪಕರಣ: ಇವೆಲ್ಲ ಇನ್ನೂ ಓಡುತ್ತಿವೆ. ಡಿಸ್ಕ್ ಕೈ ಕೊಟ್ಟು ಮತ್ತೆ ಇನ್‌ಸ್ಟಾಲ್ ಮಾಡಬೇಕಾದ ದಿನ ಈ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ.

ಕಮಾಂಡು, ಫೈಲುಗಳ ಹೆಸರನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಬೇಕು, ಅದು ನಿಮಗೆ ಗೊತ್ತೇ ಇದೆ.

ಡೆಸ್ಕ್‌ಟಾಪ್‌ಗೂ ಸರ್ವರ್‌ಗೂ ನಿಜವಾದ ವ್ಯತ್ಯಾಸ ಏನು?

ಸಿಡಿಯಲ್ಲಿ ಏನು ತುಂಬಿದ್ದಾರೆ ಅನ್ನುವುದೇ ದೊಡ್ಡ ವ್ಯತ್ಯಾಸ. ಒಳಗಿನ ಉಬುಂಟು ಒಂದೇ. ಪ್ಯಾಕೇಜ್‌ಗಳು ಬರುವ ಜಾಗವೂ ಒಂದೇ. ಡೆಸ್ಕ್‌ಟಾಪ್ ಹಾಕಿದರೆ ಗ್ನೋಮ್ ಅಥವಾ ಯೂನಿಟಿ (ಕಿಟಕಿ, ಮೆನು ತೋರಿಸುವ ಪರದೆ), ಫೈರ್‌ಫಾಕ್ಸ್, ಆಫೀಸ್ ತಂತ್ರಾಂಶ, ಪ್ರಿಂಟರ್ ವ್ಯವಸ್ಥೆ, ವೈಫೈಗೆ ನೆಟ್‌ವರ್ಕ್ ಮ್ಯಾನೇಜರ್ ಎಲ್ಲ ಜೊತೆಗೇ ಬರುತ್ತವೆ. ಸರ್ವರ್ ಹಾಕಿದರೆ ಕಪ್ಪು ಪರದೆ, ಬಿಳಿ ಅಕ್ಷರ, ಒಂದು ಲಾಗಿನ್ ಸಾಲು. ಅಷ್ಟೇ.

ಹಾಗಾಗಿ "ಸರ್ವರ್ ಜಾಸ್ತಿ ಗಟ್ಟಿ, ಡೆಸ್ಕ್‌ಟಾಪ್ ಲಡಾಸು" ಅನ್ನುವ ಮಾತಿಗೆ ಅರ್ಥ ಇಲ್ಲ. ಆ ಮಷೀನಿನ ಮುಂದೆ ದಿನಾ ಯಾರಾದರೂ ಕೂರುತ್ತಾರಾ ಅಂತ ಕೇಳಿಕೊಳ್ಳಿ. ಕೂರುವುದಾದರೆ ಡೆಸ್ಕ್‌ಟಾಪ್. ಮೂಲೆಯಲ್ಲಿಟ್ಟು ಮರೆಯುವುದಾದರೆ ಸರ್ವರ್. ಕೆಳಗಿನ ಹೆಚ್ಚಿನ ಉತ್ತರಗಳು ಇದರಿಂದಲೇ ಹೊರಡುತ್ತವೆ.

ಕರ್ನೆಲ್ಲೇ ಬೇರೆ ಅಂತ ಓದಿದ್ದೆ. ಸುಳ್ಳಾ?

ಸುಳ್ಳಲ್ಲ, ಹಳೇ ನಿಜ. 12.04ಕ್ಕಿಂತ ಮೊದಲು ಸರ್ವರ್‌ಗೆ ಬೇರೆಯದೇ ಕರ್ನೆಲ್ ಬರುತ್ತಿತ್ತು. ಮೂರು ವಿಷಯದಲ್ಲಿ ಅದು ಭಿನ್ನವಾಗಿತ್ತು.

ಒಂದು, ಟೈಮರ್. ಡೆಸ್ಕ್‌ಟಾಪ್ ಕರ್ನೆಲ್ ಸೆಕೆಂಡಿಗೆ 250 ಸಲ ತಾನು ಮಾಡುತ್ತಿರುವ ಕೆಲಸ ನಿಲ್ಲಿಸಿ "ಬೇರೆ ಯಾರಿಗಾದರೂ ಸರದಿ ಕೊಡಬೇಕಾ" ಅಂತ ನೋಡುತ್ತಿತ್ತು. ಸರ್ವರ್ ಕರ್ನೆಲ್ 100 ಸಲ ಮಾತ್ರ. ಎರಡು, ಒಂದು ಕೆಲಸದ ನಡುವೆ ಕರ್ನೆಲ್ ಅದನ್ನು ಬದಿಗೆ ಸರಿಸಿ ಇನ್ನೊಂದನ್ನು ಒಳಗೆ ಬಿಡುವ ಸೌಲಭ್ಯವನ್ನು ಸರ್ವರ್‌ನಲ್ಲಿ ಆಫ್ ಮಾಡಿದ್ದರು. ಮೂರು, ಡಿಸ್ಕಿನ ಸರದಿ. ಡೆಸ್ಕ್‌ಟಾಪ್ ಸಿಎಫ್‌ಕ್ಯೂ ಎಂಬ ವಿಧಾನ ಬಳಸುತ್ತಿತ್ತು, ಎಲ್ಲ ಪ್ರೋಗ್ರಾಂಗಳಿಗೂ ಡಿಸ್ಕಿನ ಪಾಲು ಸಮನಾಗಿ ಹಂಚುವುದು ಅದರ ಕೆಲಸ. ಸರ್ವರ್ ಬಳಸುತ್ತಿದ್ದದ್ದು ಡೆಡ್‌ಲೈನ್. ಯಾವ ಕೋರಿಕೆಯೂ ಇಂತಿಷ್ಟು ಹೊತ್ತಿಗಿಂತ ಜಾಸ್ತಿ ಕಾಯಬಾರದು ಅನ್ನುವುದು ಅದರ ನಿಯಮ. ಡೇಟಾಬೇಸ್‌ಗೆ ಇದು ಒಳ್ಳೆಯದು.

ಒಟ್ಟಿನಲ್ಲಿ ಡೆಸ್ಕ್‌ಟಾಪ್ ಕರ್ನೆಲ್ ಮೌಸ್ ಅಲುಗಿಸಿದರೆ ತಕ್ಷಣ ಓಗೊಡುವ ಜಾತಿ. ಸರ್ವರ್ ಕರ್ನೆಲ್ ತಲೆ ತಗ್ಗಿಸಿ ಒಂದೇ ಸಮ ಕೆಲಸ ಎಳೆಯುವ ಜಾತಿ. ಹತ್ತು ಜನರ ಆಫೀಸಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

12.04ರಿಂದ ಈ ಗೊಂದಲವೇ ಇಲ್ಲ. ಸರ್ವರ್ ಕರ್ನೆಲ್ಲನ್ನು ಸಾಮಾನ್ಯ ಕರ್ನೆಲ್‌ಗೇ ಸೇರಿಸಿಬಿಟ್ಟರು. ನೀವು 12.04 ಅಥವಾ 14.04 ಹಾಕುತ್ತಿದ್ದರೆ ಈ ಉತ್ತರವನ್ನು ಮರೆತರೂ ನಡೆಯುತ್ತದೆ.

ಸರ್ವರ್ ಎಡಿಷನ್‌ಗೆ ಲೈಸೆನ್ಸ್ ಬೇಕಾ? ಡೆಸ್ಕ್‌ಟಾಪ್‌ಗೆ ಎಷ್ಟು ಜನ ಕನೆಕ್ಟ್ ಆಗಬಹುದು?

ಲೈಸೆನ್ಸ್‌ಗೆ ದುಡ್ಡು ಬೇಡ, ಎರಡೂ ಉಚಿತ. ಕನೆಕ್ಷನ್‌ಗೆ ಮಿತಿಯೂ ಇಲ್ಲ. ಈ ಪ್ರಶ್ನೆ ಬರುವುದು ವಿಂಡೋಸ್ ಬಳಸಿ ಅಭ್ಯಾಸ ಆದವರಿಂದ. ಅಲ್ಲಿ ಎಕ್ಸ್‌ಪಿ ಪ್ರೊಫೆಷನಲ್‌ಗೆ ಒಂದೇ ಸಲಕ್ಕೆ 10, ವಿಂಡೋಸ್ 7ಕ್ಕೆ 20 ಅಂತ ಮಿತಿ ಇತ್ತು. ಅದಕ್ಕಿಂತ ಜಾಸ್ತಿ ಬೇಕಾದರೆ ಸರ್ವರ್ ಕೊಳ್ಳಿ, ಮೇಲೆ ಒಬ್ಬೊಬ್ಬರಿಗೂ ಲೈಸೆನ್ಸ್ ಕೊಳ್ಳಿ. ಉಬುಂಟುವಿನಲ್ಲಿ ಡೆಸ್ಕ್‌ಟಾಪ್ ಮೇಲೆ ಅಪಾಚೆ ಎಂಬ ವೆಬ್ ಸರ್ವರ್ ಹಾಕಿ ಇಡೀ ಆಫೀಸಿಗೆ ಪುಟ ಬಡಿಸಿದರೂ ಯಾರೂ ಕೇಳುವುದಿಲ್ಲ.

ಯಾವುದಕ್ಕೆ ಎಷ್ಟು ವರ್ಷ ಸಪೋರ್ಟ್ ಇತ್ತು?

ಒಂದು ಕಾಲದಲ್ಲಿ ಸರ್ವರ್ ಆರಿಸಿಕೊಳ್ಳಲು ಇದ್ದ ಗಟ್ಟಿ ಕಾರಣ ಇದೇ. 10.04ರವರೆಗೆ ಡೆಸ್ಕ್‌ಟಾಪ್‌ಗೆ ಮೂರು ವರ್ಷ, ಸರ್ವರ್‌ಗೆ ಐದು ವರ್ಷ. 8.04 ಬಂದದ್ದು 2008ರ ಏಪ್ರಿಲ್‌ನಲ್ಲಿ. ಡೆಸ್ಕ್‌ಟಾಪ್ 2011ರ ಮೇನಲ್ಲಿ ಮುಗಿಯಿತು, ಸರ್ವರ್ 2013ರ ಮೇವರೆಗೆ ನಡೆಯಿತು. 10.04 ಬಂದದ್ದು 2010ರ ಏಪ್ರಿಲ್‌ನಲ್ಲಿ. ಡೆಸ್ಕ್‌ಟಾಪ್ 2013ಕ್ಕೆ, ಸರ್ವರ್ 2015ಕ್ಕೆ ಮುಗಿದವು.

12.04ರಿಂದ ಎರಡಕ್ಕೂ ಐದೈದು ವರ್ಷ. ಅದು 2017ರ ಏಪ್ರಿಲ್‌ನಲ್ಲಿ, 14.04 ಅಂದರೆ 2019ರ ಏಪ್ರಿಲ್‌ನಲ್ಲಿ ಮುಗಿದವು. ಆಮೇಲೆ ಇಎಸ್‌ಎಂ ಎಂಬ ಹೆಚ್ಚುವರಿ ಸಪೋರ್ಟ್ ಇತ್ತು. 12.04ಕ್ಕೆ 2019ರವರೆಗೆ, 14.04ಕ್ಕೆ 2024ರವರೆಗೆ.

ಅಂದರೆ ಈಗ ಆಯ್ಕೆ ಮಾಡುವಾಗ ಸಪೋರ್ಟ್ ಅವಧಿ ಲೆಕ್ಕಕ್ಕೇ ಬರುವುದಿಲ್ಲ. "ಸರ್ವರ್‌ಗೆ ಜಾಸ್ತಿ ವರ್ಷ ಅಪ್‌ಡೇಟ್ ಬರುತ್ತೆ" ಅಂತ ಯಾರಾದರೂ ಈಗಲೂ ಹೇಳಿದರೆ ಅವರು ಹಳೇ ಮಾಹಿತಿ ಓದಿದ್ದಾರೆ ಅಂತ ತಿಳಿಯಿರಿ.

ನನ್ನ ಹತ್ತಿರ 512 ಎಂಬಿ ರ‍್ಯಾಮ್‌ನ ಮಷೀನಿದೆ. ಯಾವುದು ಓಡುತ್ತದೆ?

ಸರ್ವರ್ ಆರಾಮಾಗಿ ಓಡುತ್ತದೆ. 10.04 ಸರ್ವರ್‌ನ ಕೈಪಿಡಿಯಲ್ಲಿ ಕೇಳಿದ್ದು 128 ಎಂಬಿ ರ‍್ಯಾಮ್, 300 ಮೆಗಾಹರ್ಟ್ಸ್ ಪ್ರೊಸೆಸರ್ ಮಾತ್ರ. ಡೆಸ್ಕ್‌ಟಾಪ್ ಬೇಕೇ ಬೇಕಾದರೆ 10.04ರ ಗ್ನೋಮ್ 2 ಹೇಗೋ ತೆವಳುತ್ತದೆ. 12.04ರ ಯೂನಿಟಿಯನ್ನು ಅಂಥ ಮಷೀನಿಗೆ ಹಾಕಬೇಡಿ. ಮೆನು ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಅದರ ಬದಲು ಉಬುಂಟುವಿನದೇ ಹಗುರ ರೂಪಗಳಾದ ಲುಬುಂಟು ಅಥವಾ ಕ್ಸುಬುಂಟು ನೋಡಿ.

ಇಲ್ಲೊಂದು ಗುಂಡಿ ಇದೆ. 32-ಬಿಟ್ ಪ್ರೊಸೆಸರ್ ಆದರೆ ಅದಕ್ಕೆ ಪಿಎಇ ಇದೆಯಾ ಅಂತ ನೋಡಿಕೊಳ್ಳಬೇಕು. 4 ಜಿಬಿಗಿಂತ ಹೆಚ್ಚು ಮೆಮೊರಿ ಮುಟ್ಟಲು 32-ಬಿಟ್ ಪ್ರೊಸೆಸರ್‌ಗೆ ಬೇಕಾದ ಸೌಲಭ್ಯ ಅದು. ನಿಮ್ಮಲ್ಲಿ ಅಷ್ಟು ರ‍್ಯಾಮ್ ಇಲ್ಲದಿದ್ದರೂ ಕರ್ನೆಲ್ ಅದನ್ನು ಕೇಳುತ್ತದೆ. ಹಳೇ ಸರ್ವರ್ ಕರ್ನೆಲ್ ಮೊದಲಿನಿಂದಲೂ ಕೇಳುತ್ತಿತ್ತು. ಡೆಸ್ಕ್‌ಟಾಪ್ ಕರ್ನೆಲ್ 10.04ರವರೆಗೆ ಕೇಳುತ್ತಿರಲಿಲ್ಲ. 12.04ರಲ್ಲಿ ಅದೂ ಕೇಳಲು ಶುರು ಮಾಡಿತು. ಪೆಂಟಿಯಂ ಎಂ ಇರುವ 2003-04ರ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ತಮಗೆ ಪಿಎಇ ಇದೆ ಅಂತ ಹೇಳಿಕೊಳ್ಳುವುದೇ ಇಲ್ಲ. ಅಂಥದಕ್ಕೆ 12.04 ಡೆಸ್ಕ್‌ಟಾಪ್ ಸಿಡಿ ಹಾಕಿದರೆ ಶುರುವಿನಲ್ಲೇ ತಕರಾರು ತೆಗೆದು ನಿಂತುಬಿಡುತ್ತದೆ. ಸಿಡಿ ಕೆಟ್ಟಿಲ್ಲ, ನೀವು ಬರ್ನ್ ಮಾಡಿದ್ದೂ ತಪ್ಪಲ್ಲ. ಅಂಥ ಮಷೀನಿಗೆ 10.04 ಡೆಸ್ಕ್‌ಟಾಪ್ ಹಾಕಿ.

ಇನ್‌ಸ್ಟಾಲ್ ಮಾಡುವಾಗ ಏನು ಬೇರೆ?

ಡೆಸ್ಕ್‌ಟಾಪ್ ಸಿಡಿ ಹಾಕಿದರೆ ಇನ್‌ಸ್ಟಾಲ್ ಮಾಡದೆಯೇ ಉಬುಂಟು ತೆರೆದು ನೋಡಬಹುದು. ಸೌಂಡು ಬರುತ್ತಾ, ವೈಫೈ ಹಿಡಿಯುತ್ತಾ ಅಂತ ಪರೀಕ್ಷೆ ಮಾಡಿಯೇ ಮುಂದುವರಿಯಬಹುದು. ಸರ್ವರ್ ಸಿಡಿಯಲ್ಲಿ ಆ ಭಾಗ್ಯ ಇಲ್ಲ. ಬರೀ ಅಕ್ಷರದ ಪರದೆ, ಟ್ಯಾಬ್ ಮತ್ತು ಎಂಟರ್ ಕೀಲಿ, ಮೌಸ್‌ಗೆ ಕೆಲಸವಿಲ್ಲ.

ಆದರೆ ಆ ಪರದೆಯಲ್ಲೇ ಸರ್ವರ್ ಸಿಡಿಯ ಬಲ ಇದೆ. ಎರಡು ಡಿಸ್ಕ್ ಸೇರಿಸಿ ರೇಡ್ ಮಾಡುವುದು (ಒಂದು ಸತ್ತರೂ ಇನ್ನೊಂದರಲ್ಲಿ ಡೇಟಾ ಉಳಿಯುವ ಹಾಗೆ), ಎಲ್‌ವಿಎಂ (ಆಮೇಲೆ ಹಿಗ್ಗಿಸಬಹುದಾದ ಡಿಸ್ಕ್ ವಿಭಾಗಗಳು) ಹಾಕುವುದು ಇನ್‌ಸ್ಟಾಲ್ ಹೊತ್ತಿಗೇ ಆಗುತ್ತದೆ. 12.04ರವರೆಗಿನ ಡೆಸ್ಕ್‌ಟಾಪ್ ಇನ್‌ಸ್ಟಾಲರ್‌ಗೆ ಇದು ಗೊತ್ತಿರಲಿಲ್ಲ. ಡೆಸ್ಕ್‌ಟಾಪೂ ಬೇಕು ರೇಡೂ ಬೇಕು ಅನ್ನುವವರಿಗೆ ಆಲ್ಟರ್ನೇಟ್ ಸಿಡಿ ಅಂತ ಒಂದಿತ್ತು. ಅದೇ ಅಕ್ಷರದ ಪರದೆಯಲ್ಲಿ ಡೆಸ್ಕ್‌ಟಾಪ್ ಹಾಕಿಕೊಡುತ್ತಿತ್ತು. 12.04 ಅದರ ಕೊನೆಯ ಎಲ್‌ಟಿಎಸ್, 12.10ರಲ್ಲಿ ಕೈಬಿಟ್ಟರು.

ಸರ್ವರ್ ಇನ್‌ಸ್ಟಾಲ್‌ನ ಕೊನೆಗೆ ಒಂದು ಪಟ್ಟಿ ಬರುತ್ತದೆ: ಓಪನ್‌ಎಸ್‌ಎಸ್‌ಎಚ್, ಲ್ಯಾಂಪ್ (ಅಪಾಚೆ, ಮೈಎಸ್‌ಕ್ಯೂಎಲ್ ಡೇಟಾಬೇಸ್, ಪಿಎಚ್‌ಪಿ ಒಟ್ಟಿಗೆ), ಸಾಂಬಾ ಫೈಲ್ ಸರ್ವರ್ (ವಿಂಡೋಸ್ ಜೊತೆ ಫೋಲ್ಡರ್ ಹಂಚಲು), ಪ್ರಿಂಟ್ ಸರ್ವರ್, ಮೇಲ್ ಸರ್ವರ್ ಹೀಗೆ. ಬೇಕಾದ್ದರ ಮೇಲೆ ನಿಂತು ಸ್ಪೇಸ್ ಒತ್ತಬೇಕು. ಎಂಟರ್ ಒತ್ತಿದರೆ ಏನೂ ಆರಿಸದೆ ಮುಂದೆ ಹೋಗಿಬಿಡುತ್ತದೆ. ಹೋದರೂ ಚಿಂತೆ ಇಲ್ಲ, ಆಮೇಲೆ ಟಾಸ್ಕ್‌ಸೆಲ್ ಅಂತ ಕಮಾಂಡು ಕೊಟ್ಟರೆ ಅದೇ ಪಟ್ಟಿ ಮತ್ತೆ ಬರುತ್ತದೆ. ಓಪನ್‌ಎಸ್‌ಎಸ್‌ಎಚ್ ಮಾತ್ರ ಮರೆಯಬೇಡಿ. ಅದು ಇಲ್ಲದಿದ್ದರೆ ದೂರದಿಂದ ಸರ್ವರ್ ಒಳಗೆ ಹೋಗಲು ದಾರಿ ಇರುವುದಿಲ್ಲ.

ಡೆಸ್ಕ್‌ಟಾಪ್ ಹಾಕಿಬಿಟ್ಟಿದ್ದೇನೆ. ಅದನ್ನೇ ಸರ್ವರ್ ಮಾಡಬಹುದಾ?

ಧಾರಾಳವಾಗಿ. ಅಪಾಚೆ, ಮೈಎಸ್‌ಕ್ಯೂಎಲ್, ಸಾಂಬಾ ಏನು ಬೇಕೋ ಹಾಕಿಕೊಳ್ಳಿ. ಮತ್ತೆ ಫಾರ್ಮ್ಯಾಟ್ ಮಾಡುವ ಅಗತ್ಯ ಇಲ್ಲವೇ ಇಲ್ಲ. ಪರದೆ ಬೇಡ ಅನ್ನಿಸಿದಾಗ ಗ್ರಬ್ (ಉಬುಂಟುವನ್ನು ಎಬ್ಬಿಸುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ "ಕ್ವಯಟ್ ಸ್ಪ್ಲ್ಯಾಶ್" ಅಂತ ಇರುವ ಕಡೆ "ಟೆಕ್ಸ್ಟ್" ಅಂತ ಬರೆದು ಗ್ರಬ್ ಅಪ್‌ಡೇಟ್ ಮಾಡಿದರೆ ಸಾಕು. ಮುಂದಿನ ಸಲ ಕಪ್ಪು ಪರದೆಗೇ ಏಳುತ್ತದೆ, ರ‍್ಯಾಮ್ ಉಳಿಯುತ್ತದೆ.

ಒಂದು ವಿಷಯ ನೋಡಿಕೊಳ್ಳಿ. ಡೆಸ್ಕ್‌ಟಾಪ್‌ಗೆ ಸುಮ್ನೆ ಬಿಟ್ಟರೆ ನಿದ್ದೆ ಹೋಗುವ ಅಭ್ಯಾಸ ಇರಬಹುದು. ಪವರ್ ಸೆಟ್ಟಿಂಗ್‌ಗೆ ಹೋಗಿ ಸಸ್ಪೆಂಡ್ ಆಗದ ಹಾಗೆ ಮಾಡಿ. ಇಲ್ಲದಿದ್ದರೆ ಮಧ್ಯಾಹ್ನ ಊಟಕ್ಕೆ ಎದ್ದು ಹೋದ ಮೇಲೆ ಬಿಲ್ಲಿಂಗ್ ನಿಂತಿತು ಅಂತ ಫೋನ್ ಬರುತ್ತದೆ.

ಸರ್ವರ್ ಹಾಕಿದೆ, ಕಪ್ಪು ಪರದೆ ನೋಡಿ ಗಾಬರಿಯಾಯ್ತು. ಡೆಸ್ಕ್‌ಟಾಪ್ ಸೇರಿಸಬಹುದಾ?

ಸೇರಿಸಬಹುದು. ಉಬುಂಟು-ಡೆಸ್ಕ್‌ಟಾಪ್ ಎಂಬ ಪ್ಯಾಕೇಜ್ ಹಾಕಿದರೆ ಎಲ್ಲವೂ ಬರುತ್ತದೆ. ಆಫೀಸು, ಆಟ ಏನೂ ಬೇಡ, ಕಿಟಕಿ ಕಂಡರೆ ಸಾಕು ಅಂದರೆ ಅದೇ ಕಮಾಂಡಿಗೆ "ನೋ ಇನ್‌ಸ್ಟಾಲ್ ರೆಕಮೆಂಡ್ಸ್" ಅನ್ನುವ ಆಯ್ಕೆ ಸೇರಿಸಿ.

ಹಾಕಿದ ಮೇಲೆ ಎರಡು ತಮಾಷೆ ನಡೆಯುತ್ತದೆ. ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ಮೇಲಿನ ಪಟ್ಟಿಯಲ್ಲಿ ನೆಟ್‌ವರ್ಕ್ ಐಕಾನ್ "ನನ್ನ ಕೈಯಲ್ಲಿಲ್ಲ" ಅನ್ನುತ್ತದೆ. ಸರ್ವರ್‌ನಲ್ಲಿ ಐಪಿ ವಿಳಾಸ ಬರೆದಿಟ್ಟಿರುವುದು ಇಂಟರ್‌ಫೇಸಸ್ ಎಂಬ ಫೈಲ್‌ನಲ್ಲಿ. ಅಲ್ಲಿ ಹೆಸರಿರುವ ಕಾರ್ಡನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಅದು ಹಾಗೇ ಇರಲಿ, ಕೆದಕಬೇಡಿ.

ಇನ್ನೊಂದು, ಬೇಡ ಅಂತ ಉಬುಂಟು-ಡೆಸ್ಕ್‌ಟಾಪ್ ಪ್ಯಾಕೇಜ್ ತೆಗೆದರೆ ಡೆಸ್ಕ್‌ಟಾಪ್ ಹೋಗುವುದಿಲ್ಲ! ಆ ಪ್ಯಾಕೇಜ್ ಬರೀ ಒಂದು ಪಟ್ಟಿ. ಪಟ್ಟಿ ಹರಿದರೆ ಸಾಮಾನು ಮನೆಯಲ್ಲೇ ಇರುತ್ತದಲ್ವಾ, ಹಾಗೆ. ಹಾಕುವುದು ಒಂದು ಕಮಾಂಡು, ಪೂರ್ತಿ ತೆಗೆಯುವುದು ಒಂದು ಮಧ್ಯಾಹ್ನ. ಹಾಕುವ ಮುಂಚೆ ಯೋಚಿಸಿ. ಒಂದೆರಡು ಸೆಟ್ಟಿಂಗ್ ಬದಲಿಸಲು ಮಾತ್ರ ಪರದೆ ಬೇಕಾಗಿದ್ದರೆ ಬ್ರೌಸರ್‌ನಿಂದಲೇ ಸೆಟ್ಟಿಂಗ್ ಬದಲಿಸುವ ವೆಬ್‌ಮಿನ್ ತರಹದ್ದೋ, ಪಕ್ಕದ ಮಷೀನಿನಿಂದ ಎಸ್‌ಎಸ್‌ಎಚ್ಚೋ ಸಾಕು.

ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಏಳುವುದೇ ಇಲ್ಲ. ಮದರ್‌ಬೋರ್ಡ್ ಹೋಯ್ತಾ?

ಬಹುಶಃ ಹೋಗಿಲ್ಲ. ಒಂದು ಮಾನಿಟರ್ ತಂದು ಜೋಡಿಸಿ ನೋಡಿ. ಗ್ರಬ್ ಮೆನು ತೆರೆದುಕೊಂಡು, ಮೊದಲ ಸಾಲಿನ ಮೇಲೆ ನಿಂತು, ಯಾರಾದರೂ ಎಂಟರ್ ಒತ್ತಲಿ ಅಂತ ಕಾಯುತ್ತಿರುತ್ತದೆ.

ಆಗುವುದು ಹೀಗೆ. ಮಷೀನು ಏಳುವಾಗ ಗ್ರಬ್ ಡಿಸ್ಕಿನಲ್ಲಿ ಒಂದು ಗುರುತು ಬರೆದುಕೊಳ್ಳುತ್ತದೆ. ಪೂರ್ತಿ ಎದ್ದ ಮೇಲೆ ಉಬುಂಟು ಅದನ್ನು ಅಳಿಸುತ್ತದೆ. ನಮ್ಮಲ್ಲಿ ಕರೆಂಟ್ ಬರುವ ಚಂದ ಗೊತ್ತಲ್ಲ: ಬರುತ್ತದೆ, ಅರ್ಧ ನಿಮಿಷದಲ್ಲಿ ಮತ್ತೆ ಹೋಗುತ್ತದೆ, ಆಮೇಲೆ ಗಟ್ಟಿಯಾಗಿ ಬರುತ್ತದೆ. ಆ ಅರ್ಧ ನಿಮಿಷದಲ್ಲಿ ಗುರುತು ಬಿದ್ದಿರುತ್ತದೆ, ಅಳಿಸಲು ಸಮಯ ಸಿಕ್ಕಿರುವುದಿಲ್ಲ. ಮುಂದಿನ ಸಲ ಗ್ರಬ್ ಆ ಗುರುತು ನೋಡಿ, ಹೋದ ಸಲ ಏನೋ ಎಡವಟ್ಟಾಗಿದೆ, ಯಜಮಾನರೇ ಹೇಳಲಿ ಅಂತ ತಾನಾಗಿ ಏಳಲು ಸೆಕೆಂಡು ಎಣಿಸುವುದನ್ನು ನಿಲ್ಲಿಸಿಬಿಡುತ್ತದೆ. ಡೆಸ್ಕ್‌ಟಾಪ್ ಮುಂದೆ ಕೂತವರು ಎಂಟರ್ ಒತ್ತಿ ಮರೆತುಬಿಡುತ್ತಾರೆ. ಮಾನಿಟರ್ ಇಲ್ಲದೆ ಮೇಜಿನ ಕೆಳಗಿರುವ ಸರ್ವರ್ ಮಾತ್ರ ಸೋಮವಾರದವರೆಗೂ ಹಾಗೇ ಕಾಯುತ್ತದೆ.

12.04ರಲ್ಲಿ ಪರಿಹಾರ ಒಂದು ಸಾಲು. ಇಟಿಸಿ ಫೋಲ್ಡರ್‌ನ ಡಿಫಾಲ್ಟ್ ಒಳಗೆ ಗ್ರಬ್ ಎಂಬ ಫೈಲ್ ತೆರೆದು, ಗ್ರಬ್-ರೆಕಾರ್ಡ್‌ಫೇಲ್-ಟೈಮ್‌ಔಟ್ ಅಂತ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಹಾಕಿ ಬರೆದು, ಬೆಲೆ 5 ಅಂತ ಕೊಡಿ. ಆಮೇಲೆ ಅಪ್‌ಡೇಟ್-ಗ್ರಬ್ ಕಮಾಂಡು ಕೊಡಲೇಬೇಕು, ಬರೀ ಫೈಲ್ ಸೇವ್ ಮಾಡಿದರೆ ಆಗುವುದಿಲ್ಲ.

ಅಲ್ಲಿಗೇ ನಿಲ್ಲಬೇಡಿ. ಅದೇ ಡಿಫಾಲ್ಟ್ ಫೋಲ್ಡರ್‌ನಲ್ಲಿ ಆರ್‌ಸಿಎಸ್ ಎಂಬ ಫೈಲ್ ಇದೆ. ಅದರಲ್ಲಿ ಎಫ್‌ಎಸ್‌ಸಿಕೆಫಿಕ್ಸ್ ಅನ್ನುವುದಕ್ಕೆ "ಯೆಸ್" ಅಂತ ಕೊಟ್ಟರೆ, ಡಿಸ್ಕ್ ತಪ್ಪು ಸಿಕ್ಕಾಗ "ಸರಿ ಮಾಡಲಾ, ಬಿಡಲಾ" ಅಂತ ಕೇಳುತ್ತಾ ನಿಲ್ಲದೆ ತಾನೇ ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ. ರೇಡ್ ಇದ್ದರೆ, ಒಂದು ಡಿಸ್ಕ್ ಸತ್ತರೂ ಏಳಬೇಕಾ ಅಂತ ಇನ್‌ಸ್ಟಾಲರ್ ಕೇಳುತ್ತದೆ. ಯಾರೂ ಹತ್ತಿರ ಇಲ್ಲದ ಸರ್ವರ್ ಆದರೆ ಹೌದು ಅನ್ನಿ.

ಬಯೋಸ್‌ನಲ್ಲೂ ಎರಡು ಕೆಲಸ. ಕರೆಂಟ್ ಬಂದಾಗ ತಾನೇ ಆನ್ ಆಗುವ ಹಾಗೆ ಮಾಡಿ. ಕೀಬೋರ್ಡ್ ಇಲ್ಲ ಅಂತ ಜಗಳ ತೆಗೆಯದ ಹಾಗೆ ಮಾಡಿ. ಹಳೇ ಬೋರ್ಡ್‌ಗಳು ಕೀಬೋರ್ಡ್ ಇಲ್ಲದಾಗ "ಮುಂದುವರಿಯಲು ಎಫ್1 ಒತ್ತಿ" ಅನ್ನುವುದು ಒಳ್ಳೆಯ ಜೋಕು, ಆದರೆ ನಿಮ್ಮ ಸರ್ವರ್ ಮೇಲೆ ಆಗಬಾರದು. ಬೋರ್ಡ್ ಮೇಲಿನ ಸಿಆರ್2032 ಸೆಲ್ ಹಳೇದಾಗಿದ್ದರೆ ಅದನ್ನೂ ಬದಲಿಸಿ. ಸೆಲ್ ಸತ್ತರೆ ಈ ಎರಡು ಸೆಟ್ಟಿಂಗೂ ಮರೆತುಹೋಗುತ್ತವೆ.

ಮದರ್‌ಬೋರ್ಡ್ ಬದಲಿಸಿದೆ. ಡಿಸ್ಕ್ ಅದೇ. ನೆಟ್ ಬರುತ್ತಿಲ್ಲ.

ಸರ್ವರ್‌ನಲ್ಲೇ ಇದು ಜಾಸ್ತಿ. ಹಳೇ ಉಬುಂಟು ಪ್ರತಿ ನೆಟ್‌ವರ್ಕ್ ಕಾರ್ಡಿನ ವಿಳಾಸ ಬರೆದಿಟ್ಟುಕೊಂಡು, ಅದಕ್ಕೊಂದು ಹೆಸರು ಖಾಯಂ ಮಾಡುತ್ತದೆ. ಹಳೇ ಕಾರ್ಡು ಈಥ್0. ಹೊಸ ಬೋರ್ಡಿನ ಕಾರ್ಡು ಬಂದರೆ ಅದಕ್ಕೆ ಈಥ್1 ಅಂತ ಹೆಸರಿಡುತ್ತದೆ. ನಿಮ್ಮ ಇಂಟರ್‌ಫೇಸಸ್ ಫೈಲ್‌ನಲ್ಲಿ ಮಾತ್ರ ಇನ್ನೂ ಈಥ್0 ಅಂತಲೇ ಇದೆ. ಯುಡೆವ್ ರೂಲ್ಸ್ ಫೋಲ್ಡರ್‌ನಲ್ಲಿ 70-ಪರ್ಸಿಸ್ಟೆಂಟ್-ನೆಟ್ ಎಂಬ ಫೈಲ್ ಅಳಿಸಿ ರೀಬೂಟ್ ಮಾಡಿ. ಡೆಸ್ಕ್‌ಟಾಪ್‌ನಲ್ಲೂ ಹೆಸರು ಬದಲಾಗುತ್ತದೆ, ಆದರೆ ನೆಟ್‌ವರ್ಕ್ ಮ್ಯಾನೇಜರ್ ಯಾವ ಹೆಸರಿದ್ದರೂ ಹಿಡಿದುಕೊಳ್ಳುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ.

ಸರ್ವರ್‌ನಲ್ಲಿ ಕನ್ನಡ ಬರುತ್ತಾ?

ಪರದೆಯ ಮೇಲೆ ಬರುವುದಿಲ್ಲ, ಒಳಗೆ ಬರುತ್ತದೆ.

ಮಾನಿಟರ್ ಜೋಡಿಸಿದ ಕಪ್ಪು ಪರದೆಯಲ್ಲಿ ಕನ್ನಡದ ಫೈಲ್ ತೆರೆದರೆ ಚೌಕಗಳು ಕಾಣುತ್ತವೆ. ಆ ಪರದೆಗೆ ಒತ್ತಕ್ಷರ, ಗುಣಿತಾಕ್ಷರ ಜೋಡಿಸಲು ಬರುವುದಿಲ್ಲ. ಏನು ಮಾಡಿದರೂ ಸರಿ ಹೋಗುವುದಿಲ್ಲ, ಒದ್ದಾಡಬೇಡಿ. ಫೈಲ್ ಹಾಳಾಗಿಲ್ಲ. ಅದನ್ನೇ ಇನ್ನೊಂದು ಮಷೀನಿನಿಂದ ಎಸ್‌ಎಸ್‌ಎಚ್ ಮಾಡಿ ನೋಡಿದರೆ, ಆ ಮಷೀನಿನಲ್ಲಿ ಕನ್ನಡ ಫಾಂಟ್ ಇದ್ದರೆ ಅಕ್ಷರ ಕಾಣುತ್ತವೆ. ಒತ್ತಕ್ಷರ ಅಲ್ಲೂ ಅಷ್ಟು ಚಂದ ಕೂರುವುದಿಲ್ಲ, ಆದರೆ ಓದಬಹುದು. ಬ್ರೌಸರ್‌ನಲ್ಲಿ ತೆರೆದರೆ ಪೂರ್ತಿ ಸರಿ ಇರುತ್ತದೆ.

ಲ್ಯಾಂಪ್ ಹಾಕಿ ಕನ್ನಡ ಡೇಟಾ ಇಡುವವರು ಮೈಎಸ್‌ಕ್ಯೂಎಲ್ ಮೇಲೆ ಒಂದು ಕಣ್ಣಿಡಿ. ಆ ಕಾಲದ ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೆ ಲ್ಯಾಟಿನ್1 ಎಂಬ ಅಕ್ಷರಪಟ್ಟಿ ಹಿಡಿದುಕೊಳ್ಳುತ್ತದೆ. ಗ್ರಾಹಕರ ಹೆಸರು ಕನ್ನಡದಲ್ಲಿ ಹಾಕಿದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ, ಹೋದ ಅಕ್ಷರ ಮತ್ತೆ ಸಿಗುವುದಿಲ್ಲ. ಟೇಬಲ್ ಮಾಡುವ ಮೊದಲೇ ಯುಟಿಎಫ್8 ಅಂತ ಹೇಳಿ. ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್ ಸಾಕು, ಹಳೇ ಯುಟಿಎಫ್8ರಲ್ಲಿ ಅದು ಹಿಡಿಸುತ್ತದೆ. ಇಮೋಜಿ ಬೇಕಾದರೆ ಮಾತ್ರ ಯುಟಿಎಫ್8ಎಂಬಿ4 ಬೇಕು.

ಕೂತು ಕನ್ನಡ ಟೈಪ್ ಮಾಡುವ ಮಷೀನು ಅಂದರೆ ಚರ್ಚೆಯೇ ಬೇಡ, ಡೆಸ್ಕ್‌ಟಾಪ್ ಹಾಕಿ. ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆಗೆ ಅದರ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಕೈ ಕೂತವರಿಗೆ ಅದೇ ಬೆರಳೋಟ. ಫಾಂಟ್‌ಗೆ ಕೇದಗೆ, ಮಲ್ಲಿಗೆ, ಲೋಹಿತ್ ಇವೆ.

ಯಾವುದು ಹೆಚ್ಚು ಸುರಕ್ಷಿತ?

ಸಿಡಿಯಿಂದ ಹಾಕಿದ ಕ್ಷಣದಲ್ಲಿ ಹೆಚ್ಚು ಕಡಿಮೆ ಎರಡೂ ಒಂದೇ. ಎರಡರಲ್ಲೂ ರೂಟ್ ಖಾತೆಗೆ (ಎಲ್ಲ ಅಧಿಕಾರ ಇರುವ ಖಾತೆ) ಬೀಗ, ಎಲ್ಲ ಸುಡೊ ಕಮಾಂಡಿನ ಮೂಲಕ. ಹೊರಗಿನಿಂದ ಬರಲು ತೆರೆದ ಬಾಗಿಲುಗಳೂ ಇಲ್ಲದ ಹಾಗೇ. ಸರ್ವರ್‌ನಲ್ಲಿ ಪ್ರೋಗ್ರಾಂಗಳು ಕಡಿಮೆ, ಹಾಗಾಗಿ ತೂತು ಬೀಳುವ ಜಾಗವೂ ಕಡಿಮೆ. ಹಳೇ ಫೈರ್‌ಫಾಕ್ಸ್ ಅಲ್ಲಿ ಇಲ್ಲ ಅನ್ನುವುದೇ ಒಂದು ಪುಣ್ಯ. ಫೈರ್‌ವಾಲ್ ಯುಎಫ್‌ಡಬ್ಲ್ಯೂ 8.04ರಿಂದ ಜೊತೆಗೇ ಬರುತ್ತದೆ, ಆದರೆ ಆಫ್ ಆಗಿರುತ್ತದೆ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಟ್ಟ ಮೇಲೆ ಆನ್ ಮಾಡಿ. ದೂರದಿಂದ ಕೂತು ಮಾಡುವಾಗ ಈ ಕ್ರಮ ತಿರುಗಿಸಿದರೆ ನೀವೇ ಹೊರಗೆ.

ಹಾಗಾದರೆ ಇಂಟರ್ನೆಟ್‌ಗೆ ಹಾಕಬಹುದಲ್ವಾ?

ಹಾಕಬೇಡಿ. ಸರ್ವರ್ ಆದರೂ ಸರಿ, ಡೆಸ್ಕ್‌ಟಾಪ್ ಆದರೂ ಸರಿ. ಅಪ್‌ಡೇಟ್ ನಿಂತು ವರ್ಷಗಳಾದ ಮಷೀನಿಗೆ ಎಡಿಷನ್ ಯಾವುದು ಅನ್ನುವುದು ರಕ್ಷಣೆ ಕೊಡುವುದಿಲ್ಲ. ರೌಟರ್‌ನಲ್ಲಿ ಅದಕ್ಕೆ ಪೋರ್ಟ್ ತೆರೆದು ಕೊಡಬೇಡಿ. ಆಫೀಸಿನ ಒಳಗಷ್ಟೇ ಇರಲಿ. ಬ್ಯಾಂಕ್, ಮೇಲ್, ಜಿಎಸ್‌ಟಿ ಪೋರ್ಟಲ್ ಅದರಲ್ಲಿ ತೆರೆಯಬೇಡಿ.

ಎಷ್ಟೋ ಸೈಟು ತೆರೆಯುವುದೂ ಇಲ್ಲ ಬಿಡಿ. 10.04ರ ಓಪನ್‌ಎಸ್‌ಎಸ್‌ಎಲ್ (ಸಂಪರ್ಕಕ್ಕೆ ಗೂಢಲಿಪಿ ಹಾಕುವ ತಂತ್ರಾಂಶ) 0.9.8ಕ್ಕೆ ಟಿಎಲ್‌ಎಸ್ 1.2 ಎಂಬ ಗೂಢಲಿಪಿ ವಿಧಾನ ಗೊತ್ತಿಲ್ಲ. 12.04ರ 1.0.1ಕ್ಕೆ ಗೊತ್ತು, ಆದರೆ ಅದಕ್ಕೆ ಬೇರೆ ಗ್ರಹಚಾರ: 2014ರ ಹಾರ್ಟ್‌ಬ್ಲೀಡ್ ತೂತು ಇದ್ದದ್ದು ಇದರಲ್ಲೇ. 12.04.5ಕ್ಕಿಂತ ಮೊದಲಿನ ಸಿಡಿಯಿಂದ ಹಾಕಿ ಅಪ್‌ಡೇಟ್ ಮಾಡದೆ ಬಿಟ್ಟರೆ ಆ ತೂತು ಹಾಗೇ ಇರುತ್ತದೆ. ವಿಚಿತ್ರ ಅಂದರೆ, ಅದಕ್ಕಿಂತ ಹಳೇ 10.04ಕ್ಕೆ ಹಾರ್ಟ್‌ಬ್ಲೀಡ್ ತಟ್ಟಲೇ ಇಲ್ಲ.

ಪ್ಯಾಕೇಜ್ ಹಾಕಲು ಹೋದರೆ 404 ಅಂತ ಬರುತ್ತದೆ.

ಅವಧಿ ಮುಗಿದ ಆವೃತ್ತಿಯ ಪ್ಯಾಕೇಜ್‌ಗಳನ್ನು ಮಾಮೂಲಿ ಜಾಗದಿಂದ ಓಲ್ಡ್-ರಿಲೀಸಸ್ ಎಂಬ ಜಾಗಕ್ಕೆ ಸಾಗಿಸುತ್ತಾರೆ. ಸೋರ್ಸಸ್ ಲಿಸ್ಟ್ ಫೈಲ್‌ನಲ್ಲಿ ಆರ್ಕೈವ್ ಮತ್ತು ಸೆಕ್ಯುರಿಟಿ ವಿಳಾಸ ಇರುವ ಕಡೆಯೆಲ್ಲ ಓಲ್ಡ್-ರಿಲೀಸಸ್ ಡಾಟ್ ಉಬುಂಟು ಡಾಟ್ ಕಾಮ್ ಅಂತ ಬದಲಿಸಿ. ಭಾರತದಲ್ಲಿ ಇನ್‌ಸ್ಟಾಲ್ ಮಾಡಿದರೆ ಶುರುವಿಗೆ "ಇನ್" ಅಂತ ಎರಡಕ್ಷರ ಇರುತ್ತದೆ, ಅದನ್ನೂ ತೆಗೆಯಬೇಕು.

ಹೊಸ ವಿಂಡೋಸ್‌ನಿಂದ ಹಳೇ ಉಬುಂಟುವಿನ ಶೇರ್ ಫೋಲ್ಡರ್ ಕಾಣುತ್ತಿಲ್ಲ.

ಎಡಿಷನ್‌ಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಎಲ್ಲರೂ ಕೇಳುತ್ತಾರೆ. 2017ರ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ1 (ಫೋಲ್ಡರ್ ಹಂಚುವ ಹಳೇ ವಿಧಾನ) ಇರುವುದಿಲ್ಲ. 10.04ರ ಸಾಂಬಾಗೆ ಗೊತ್ತಿರುವುದು ಅದೊಂದೇ. 12.04ರ ಸಾಂಬಾ 3.6ಕ್ಕೆ ಎಸ್‌ಎಂಬಿ2 ಬರುತ್ತದೆ, ಆದರೆ ಮುಚ್ಚಿಟ್ಟಿರುತ್ತದೆ. ಸಾಂಬಾ ಸೆಟ್ಟಿಂಗ್ ಫೈಲ್‌ನ ಗ್ಲೋಬಲ್ ಭಾಗದಲ್ಲಿ "ಮ್ಯಾಕ್ಸ್ ಪ್ರೊಟೊಕಾಲ್" ಅನ್ನುವುದಕ್ಕೆ ಎಸ್‌ಎಂಬಿ2 ಅಂತ ಕೊಡಿ. 14.04ರಲ್ಲಿ ಏನೂ ಮಾಡದೆ ಕೆಲಸ ಆಗುತ್ತದೆ. ವಿಂಡೋಸ್ ಕಡೆ ಎಸ್‌ಎಂಬಿ1 ಮತ್ತೆ ಆನ್ ಮಾಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅದನ್ನು ಮಾಡಬೇಡಿ.

ಹೊಸ ಮಷೀನಿನಿಂದ ಎಸ್‌ಎಸ್‌ಎಚ್ ಮಾಡಿದರೆ ಒಳಗೆ ಬಿಡುತ್ತಿಲ್ಲ.

2021ರಿಂದ ಹೊಸ ಓಪನ್‌ಎಸ್‌ಎಸ್‌ಎಚ್ ಹಳೇ ಶೈಲಿಯ ಆರ್‌ಎಸ್‌ಎ ಸಹಿಯನ್ನು ಒಪ್ಪುವುದಿಲ್ಲ. 10.04ರ ಹತ್ತಿರ ಬೇರೆ ಕೀಲಿ ಇಲ್ಲದ ಕಾರಣ, ಕನೆಕ್ಟ್ ಆಗುವಾಗ ಹೋಸ್ಟ್ ಕೀ ಪಟ್ಟಿಗೆ ಎಸ್‌ಎಸ್‌ಎಚ್-ಆರ್‌ಎಸ್‌ಎ ಸೇರಿಸಿ ಅಂತ ಹೇಳಬೇಕು. ಇಡೀ ಮಷೀನಿಗೆ ಅಲ್ಲ, ಆ ಒಂದು ಸರ್ವರ್‌ಗೆ ಮಾತ್ರ. 12.04ರಲ್ಲಿ ಇಸಿಡಿಎಸ್‌ಎ ಕೀಲಿ ಮಾಡಿಕೊಂಡರೆ ಈ ತಂಟೆಯೇ ಇಲ್ಲ. ಇಡಿ25519 ಮಾತ್ರ 14.04ರಿಂದಷ್ಟೇ ನಡೆಯುತ್ತದೆ.

ಆಮೇಲೆ ಅಪ್‌ಗ್ರೇಡ್ ಮಾಡುವಾಗ ಯಾವುದು ಸುಲಭ?

ಸರ್ವರ್. ಎರಡರಲ್ಲೂ ಒಂದು ಎಲ್‌ಟಿಎಸ್‌ನಿಂದ ಮುಂದಿನ ಎಲ್‌ಟಿಎಸ್‌ಗೆ ಮೆಟ್ಟಿಲು ಹತ್ತಿದ ಹಾಗೆಯೇ ಹೋಗಬೇಕು, 10.04ರಿಂದ 14.04ಕ್ಕೆ ಹಾರಲು ಆಗುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಗ್ನೋಮ್ 2 ಹೋಗಿ ಯೂನಿಟಿ, ಯೂನಿಟಿ ಹೋಗಿ 18.04ರಲ್ಲಿ ಮತ್ತೆ ಗ್ನೋಮ್ ಬಂದದ್ದರಿಂದ ದಾರಿಯುದ್ದಕ್ಕೂ ಹಳೇ ಚೂರುಗಳು ಉಳಿಯುತ್ತವೆ. ನನ್ನನ್ನು ಕೇಳಿದರೆ ಡೆಸ್ಕ್‌ಟಾಪ್ ಆದರೆ ಹೋಮ್ ಫೋಲ್ಡರ್ ಕಾಪಿ ಇಟ್ಟುಕೊಂಡು ಹೊಸದಾಗಿ ಹಾಕುವುದೇ ಬೇಗ ಮುಗಿಯುವ ಕೆಲಸ. 32-ಬಿಟ್ ಮಷೀನಿಗೆ ಡೆಸ್ಕ್‌ಟಾಪ್ ಐಎಸ್ಒ (ಸಿಡಿಗೆ ಬರೆಯುವ ಫೈಲ್) 17.10ರಿಂದ ಬರುತ್ತಿಲ್ಲ, ಅದೂ ನೆನಪಿರಲಿ.

ಯಾವ ಐಎಸ್ಒ ಇಳಿಸಬೇಕು? ಮನೆಯಲ್ಲಿ ಹಳೇ ಸಿಡಿಯೇ ಇದೆ.

ಶಿಪ್‌ಇಟ್ ಕಾಲದಲ್ಲಿ ಅಂಚೆಯಲ್ಲಿ ಉಚಿತವಾಗಿ ಬಂದ ಸಿಡಿಗಳು ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಆ ಯೋಜನೆ 2011ರಲ್ಲಿ ನಿಂತಿತು, ಅಂದರೆ ಸಿಡಿ ಅದಕ್ಕಿಂತ ಹಳೇದು. ಬಳಸುವುದಾದರೆ ಬೂಟ್ ಮೆನುವಿನಲ್ಲಿ ಡಿಸ್ಕ್ ಪರೀಕ್ಷಿಸುವ ಆಯ್ಕೆ ಇದೆ, ಮೊದಲು ಅದನ್ನು ಓಡಿಸಿ. ಪಕ್ಕದಲ್ಲೇ ಮೆಮೊರಿ ಟೆಸ್ಟ್ ಇದೆ, ಹಳೇ ರ‍್ಯಾಮ್ ಆದರೆ ಒಂದು ರಾತ್ರಿ ಅದನ್ನೂ ಬಿಡಿ.

ಇಳಿಸುವುದಾದರೆ ಪ್ರತಿ ಆವೃತ್ತಿಯ ಕೊನೆಯ ಪಾಯಿಂಟ್ ರಿಲೀಸ್ ತೆಗೆದುಕೊಳ್ಳಿ: 8.04.4, 10.04.4, 12.04.5, 14.04.6. ಒಳಗೆ ಅಷ್ಟು ದಿನದ ಅಪ್‌ಡೇಟ್‌ಗಳು ಸೇರಿರುತ್ತವೆ. 12.04.5ರಲ್ಲಿ ಮೂಲದ 3.2 ಕರ್ನೆಲ್ ಬದಲು 3.13 ಬರುತ್ತದೆ. ನಿಮ್ಮ ಲ್ಯಾಬ್ ಉಪಕರಣದ ಡ್ರೈವರ್‌ಗೆ 3.2ವೇ ಬೇಕಾದರೆ ಮಾತ್ರ 12.04.1 ಇಳಿಸಿ. ಇಳಿಸಿದ ಮೇಲೆ ಜೊತೆಗಿರುವ ಚೆಕ್‌ಸಮ್ ಫೈಲ್ ಹಿಡಿದು ಹೋಲಿಸಿ ನೋಡಿ. 12.04ರ ಡೆಸ್ಕ್‌ಟಾಪ್ ಒಂದು ಸಿಡಿಯಲ್ಲಿ ಕೂರುವ ಕೊನೆಯ ಉಬುಂಟು. ಅದರ ನಂತರದ ಡೆಸ್ಕ್‌ಟಾಪ್‌ಗೆ ಡಿವಿಡಿಯೋ ಪೆನ್‌ಡ್ರೈವೋ ಬೇಕು. ಹಳೇ ಬೋರ್ಡು ಪೆನ್‌ಡ್ರೈವ್‌ನಿಂದ ಏಳುತ್ತದಾ ಅಂತ ಮೊದಲೇ ನೋಡಿಕೊಂಡು ಆಮೇಲೆ ಡೌನ್‌ಲೋಡ್ ಶುರು ಮಾಡಿ.